ಬೂದಿಕೆರೆಯ ಎರಡನೇ ಘಟಕ

ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಎರಡನೇ ಘಟಕದ ಮುಳ್ಳು ಒಂದನೇ ಘಟಕದ ಮುಳ್ಳನ್ನು ದಾಟಿತು. ಎರಡನೆಯದು ಗಂಟೆಗೆ ಎಂಟೂವರೆ ಟನ್ ತೋರಿಸುತ್ತಿತ್ತು, ಒಂದನೆಯದು ಎಂಟೂಕಾಲು.

ಕೊರ್ತಿಹಾಳ ಅರಣ್ಯ ಸ್ಥಾವರದ ಕಂಟ್ರೋಲ್ ರೂಮಿನಲ್ಲಿ ಆಗ ಮೂವರಿದ್ದರು: ಒಂದನೇ ಘಟಕದ ನಿಯಂತ್ರಕ ಮೌನೇಶ ಬಡಿಗೇರ, ಅವನ ಸಹಾಯಕ ಮೆಹಬೂಬ, ಎರಡನೇ ಘಟಕದ ನಿಯಂತ್ರಕಿ ದಾಕ್ಷಾಯಣಿ. ದಾಕ್ಷಾಯಣಿ ಮೌನೇಶನ ಹೆಂಡತಿ.

“ಅಣ್ಣ, ನಮ್ಮ ಮುಳ್ಳಿಗೆ ಏನರ ಜಂಗ್ ಹಿಡದದೇನು, ಬಡದು ನೋಡ್ಲಾ?” ಎಂದ ಮೆಹಬೂಬ.

“ಬಡೀಬ್ಯಾಡ. ಮುಳ್ಳು ಸರಿ ಅದ.”

“ಹಂಗಾರ ಅಕ್ಕಾರು ಗೆದ್ದಂಗ ಆತು.”

“ಗಾಳಿ ತಿರುಗ್ಯಾದ. ಮಧ್ಯಾಹ್ನದ ಹೊತ್ತಿಗೆ ನೋಡು, ಇಳೀತದ.”

ದಾಕ್ಷಾಯಣಿ ತನ್ನ ಕುರ್ಚಿಯಲ್ಲಿ ನಕ್ಕಳು. ಮಧ್ಯಾಹ್ನ ಮುಳ್ಳು ಇಳಿಯಿತು. ನಾಲ್ಕು ಗಂಟೆಗೆ ಮತ್ತೆ ಏರಿ ಒಂದನೆಯದಕ್ಕಿಂತ ಮೇಲೆ ನಿಂತಿತು. ಮರುದಿನವೂ ಹಾಗೇ ಆಯಿತು. ಆ ನವೆಂಬರ್ ಪೂರ್ತಿ ಹಾಗೇ ಇತ್ತು.

ಕೊರ್ತಿಹಾಳ ಮೊದಲು ಕಲ್ಲಿದ್ದಲಿನ ವಿದ್ಯುತ್ ಸ್ಥಾವರವಾಗಿತ್ತು. ಬಾಯ್ಲರಿನ ಬೂದಿಯನ್ನು ನೀರಿನಲ್ಲಿ ಕಲಸಿ ಕೃಷ್ಣೆಯ ಪಕ್ಕದ ತಗ್ಗಿಗೆ ಪಂಪು ಮಾಡುತ್ತಿದ್ದರು. ಸ್ಥಾವರ ಮುಚ್ಚಿದಾಗ ಅಲ್ಲಿ ಸಾವಿರದ ನಾನೂರು ಎಕರೆಯ ಬೂದಿಕೆರೆ ಉಳಿದಿತ್ತು. ಬೇಸಿಗೆಯಲ್ಲಿ ಅದರ ಧೂಳು ಹಾರಿ ಕಾಲೊನಿಯ ರೊಟ್ಟಿಯ ಹಿಟ್ಟಿನಲ್ಲಿ ಬೀಳುತ್ತಿತ್ತು. ಆ ಬೂದಿಯಲ್ಲಿ ಗುಂಡಿ ತೋಡಿ, ಎರೆಮಣ್ಣು ತುಂಬಿ, ಕಮರ, ಬಾಗೆ, ಹೊಂಗೆ ನೆಟ್ಟು ಏಳು ವರ್ಷವಾಗಿತ್ತು. ಕಾಡನ್ನು ಎರಡು ಘಟಕ ಮಾಡಿದರು. ಪಾಳಿಯಲ್ಲಿ ಕೂತು ಮುಳ್ಳು ನೋಡುವುದು ರೂಢಿಯಾಗಿದ್ದವರು ಎಂದು ಹಳೆಯ ಆಪರೇಟರುಗಳನ್ನೇ ಉಳಿಸಿಕೊಂಡರು. ಹಳೆಯ ಪ್ಯಾನೆಲ್ಲೂ ಉಳಿಯಿತು. ಮೆಗಾವ್ಯಾಟ್ ತೋರಿಸುತ್ತಿದ್ದ ಮುಳ್ಳುಗಳು ಈಗ ಕಾಡು ಗಂಟೆಗೆ ಎಷ್ಟು ಇಂಗಾಲದ ಡೈಆಕ್ಸೈಡ್ ಹೀರುತ್ತಿದೆ ಎಂಬುದನ್ನು ತೋರಿಸುತ್ತಿದ್ದವು. ಪ್ರತಿ ಘಟಕದಲ್ಲೂ ಮರಗಳ ನೆತ್ತಿಗಿಂತ ಎತ್ತರದ ಗೋಪುರದಲ್ಲಿರುವ ಉಪಕರಣ ಸೆಕೆಂಡಿಗೆ ಹತ್ತು ಸಲ ಗಾಳಿಯ ಸುಳಿಯನ್ನು ಅಳೆಯುತ್ತದೆ. ಕೆಳಗಿಳಿಯುವ ಗಾಳಿಯಲ್ಲಿ ಇಂಗಾಲ ಎಷ್ಟು, ಮೇಲೇರುವ ಗಾಳಿಯಲ್ಲಿ ಎಷ್ಟು. ವ್ಯತ್ಯಾಸವೇ ಕಾಡಿನ ಲೋಡು.

ಲೋಡನ್ನು ಏರಿಸಬಹುದಿತ್ತು, ಅದೇ ಕೊರ್ತಿಹಾಳದ ಹೊಸತನ. ಎಲೆಯ ಹಿಂಬದಿಯಲ್ಲಿ ಕಣ್ಣಿಗೆ ಕಾಣದ ಬಾಯಿಗಳಿರುತ್ತವೆ. ಅವು ತೆರೆದರೆ ಇಂಗಾಲ ಒಳಗೆ ಬರುತ್ತದೆ, ನೀರು ಹೊರಗೆ ಹೋಗುತ್ತದೆ. ಬಿಸಿಲೇರಿದರೆ ಗಿಡ ಬಾಯಿ ಮುಚ್ಚುತ್ತದೆ. ಬೇಸಿಗೆ ಬಂದರೆ ಎಲೆಯನ್ನೇ ಉದುರಿಸಿ ಮಳೆಗೆ ಕಾಯುತ್ತದೆ. ಒಂದು ಶಿಲೀಂಧ್ರದಿಂದ ತೆಗೆದು ಪಳಗಿಸಿದ ರಸವನ್ನು ಹನಿ ನೀರಾವರಿಯ ಕೊಳವೆಯಲ್ಲಿ ಬೆರೆಸಿದರೆ ಬಾಯಿ ಮುಚ್ಚುವುದಿಲ್ಲ, ಎಲೆ ಉದುರುವುದಿಲ್ಲ. ಆಪರೇಟರುಗಳು ಅದನ್ನು ಕೀಲಿನೀರು ಎನ್ನುತ್ತಿದ್ದರು. ಬೇರಿಗೆ ಸಾಕಷ್ಟು ನೀರು ಕೊಡುತ್ತಿದ್ದರೆ ಕೀಲಿನೀರು ಕುಡಿದ ಗಿಡ ಏಪ್ರಿಲ್ಲಿನಲ್ಲೂ ಶ್ರಾವಣದಂತೆ ಉಸಿರಾಡುತ್ತದೆ.

ಮೌನೇಶ ತನ್ನ ಘಟಕಕ್ಕೆ ಸೂರ್ಯ ಹುಟ್ಟಿದಾಗಿನಿಂದ ಮುಳುಗುವವರೆಗೆ ಕೀಲಿನೀರು ಬಿಡುತ್ತಿದ್ದ. ದಾಕ್ಷಾಯಣಿ ಹನ್ನೆರಡರಿಂದ ಮೂರರವರೆಗೆ ನಿಲ್ಲಿಸುತ್ತಿದ್ದಳು. ಇಷ್ಟೇ ವ್ಯತ್ಯಾಸ.

“ನೀವೂ ಮಧ್ಯಾಹ್ನ ನಿಲ್ಲಿಸಿ ನೋಡ್ರಿ,” ಎಂದಳು ಒಂದು ಸಂಜೆ ಕ್ವಾರ್ಟರ್ಸಿನಲ್ಲಿ. ಅವಳು ರೊಟ್ಟಿ ಬಡಿಯುತ್ತಿದ್ದಳು, ಅವನು ಬೇಯಿಸುತ್ತಿದ್ದ. “ಮೂರು ತಾಸು ಬಾಯಿ ಮುಚ್ಚಿ ಕುಂತ್ರ ಸಂಜಿಗೆ ಹುರುಪಿಲೆ ತೆರೀತಾವ.”

“ನನಗ ಲೋಡ್ ಇಳಸು ಅಂತ ಹೇಳೋದು ನಿನಗ ಹಳೇ ಚಟ.”

ಅದು ನಿಜವಾಗಿತ್ತು. ಕಲ್ಲಿದ್ದಲಿನ ದಿನಗಳಲ್ಲಿ ಅವನು ಬಾಯ್ಲರ್ ಮೇಜಿನಲ್ಲಿದ್ದ, ಅವಳು ನೀರಿನ ಪ್ರಯೋಗಾಲಯದಲ್ಲಿದ್ದಳು. ಉಗಿಯಲ್ಲಿ ಮರಳಿನ ಅಂಶ ಹೆಚ್ಚಾದರೆ ಇಂಟರ್‌ಕಾಮಿನಲ್ಲಿ ಅವಳ ಧ್ವನಿ ಬರುತ್ತಿತ್ತು: “ಸಿಲಿಕಾ ಏರ್ಯಾದ, ಲೋಡ್ ಇಳಸ್ರಿ.” ಇಳಿಸಲೇಬೇಕಿತ್ತು. ಆ ಧ್ವನಿಯನ್ನು ಬೈಯುತ್ತಲೇ ಅವನು ಮದುವೆಯ ಪ್ರಸ್ತಾಪ ಮಾಡಿದ್ದ. ಅವರ ಹಜಾರದ ಗೋಡೆಯಲ್ಲಿ ಒಂದೇ ಒಂದು ಫಲಕವಿತ್ತು. ಒಂದು ಸಲವೂ ನಿಲ್ಲದೆ ಅತಿ ಹೆಚ್ಚು ಕಾಲ ಓಡಿದ ಬಾಯ್ಲರಿಗೆ ಸಿಕ್ಕ ಫಲಕ, ಮೌನೇಶನ ಹೆಸರಿನದು.

ಡಿಸೆಂಬರ್‌ನಲ್ಲಿ ನಿರ್ದೇಶಕಿ ಸುಮಿತ್ರಾ ಕೆರೂರ ರಾಜಧಾನಿಯಿಂದ ಬಂದರು. ಹೊಳೆಯಾಚೆ ಸವಳು ಹಿಡಿದು ಬೆಳೆ ಬರದಂತಾದ ಹನ್ನೆರಡು ಸಾವಿರ ಎಕರೆಯಲ್ಲಿ ಕಾಡು ಎಬ್ಬಿಸುವುದಾಗಿ ಹೇಳಿದರು. “ಅದರ ಮುಖ್ಯ ನಿಯಂತ್ರಕರನ್ನು ಇಲ್ಲಿಂದಲೇ ತೆಗೆದುಕೊಳ್ಳುತ್ತೇವೆ. ಜೂನ್‌ನಲ್ಲಿ ಎರಡೂ ಘಟಕಗಳನ್ನು ನೋಡಿ ತೀರ್ಮಾನ. ಯಾರು ಆಯ್ಕೆಯಾಗುತ್ತಾರೋ ಅಲ್ಲಿ ಅವರ ಪದ್ಧತಿಯೇ ನಡೆಯುತ್ತದೆ.”

ಇದ್ದವರು ಇಬ್ಬರೇ ನಿಯಂತ್ರಕರು. ಎಲ್ಲರೂ ಎರಡನೇ ಕುರ್ಚಿಯ ಕಡೆ ನೋಡಿದರು. ಅದನ್ನು ಮೌನೇಶ ನೋಡಿದ.

ಆ ವಾರ ಅವನು ಒಂದು ಗೋಡೆ ಕ್ಯಾಲೆಂಡರ್ ತಂದು ಪ್ಯಾನೆಲ್ಲಿಗೆ ತೂಗುಹಾಕಿದ. ಎರಡನೇ ಘಟಕದ ಮುಳ್ಳು ಸರಿಯಾಗಿ ಅದರ ಹಿಂದೆ ಬಂತು.

“ಅಣ್ಣ, ಅಮಾಸಿ ಹುಣ್ಣಿಮಿ ನೋಡಾಕ ಇದು ಬೇಕೇನು?” ಎಂದು ಮೆಹಬೂಬ ಅದನ್ನು ಒಂದು ಗೇಣು ಪಕ್ಕಕ್ಕೆ ಸರಿಸಿದ. ಮರುದಿನ ಅದು ಮತ್ತೆ ಮೊದಲಿನ ಜಾಗದಲ್ಲಿತ್ತು. ದಾಕ್ಷಾಯಣಿಯೇ ಕೊನೆಗೆ, “ಇರಲಿ ಬಿಡೋ ಮೆಹಬೂಬ, ನನಗ ಫೋನಿನ್ಯಾಗ ಕಾಣಸ್ತದ,” ಎಂದಳು. ಅವಳಿಗೆ ಸಿಟ್ಟು ಬಂದಿದ್ದರೆ ಮೌನೇಶನಿಗೆ ಹಗುರವಾಗುತ್ತಿತ್ತು.

ಫೋನಿನಲ್ಲಿ ಅವನೂ ನೋಡುತ್ತಿದ್ದ. ಊಟದ ತಟ್ಟೆಯ ಪಕ್ಕದಲ್ಲಿಟ್ಟು ನೋಡುತ್ತಿದ್ದ, ಸ್ನಾನಕ್ಕೆ ಹೋಗುವ ಮೊದಲು ನೋಡುತ್ತಿದ್ದ. ಕಾಲೊನಿಯ ಹೆಂಗಸರು ಕುಂಡದ ಗಿಡ ಬಾಡಿದರೆ ದಾಕ್ಷಾಯಣಿಯನ್ನು ಕೇಳಲು ಬಂದಾಗ ಅವನು ಒಳಕೋಣೆಗೆ ಹೋಗುತ್ತಿದ್ದ, ಆದರೆ ಬಾಗಿಲು ಮುಚ್ಚುತ್ತಿರಲಿಲ್ಲ. ಅವಳು ಏನು ಹೇಳುತ್ತಾಳೆಂದು ಕೇಳಿಸಬೇಕಿತ್ತು. ಅವಳು ಹೇಳಿದ್ದು ಸರಿಯಿದ್ದ ದಿನ ಅವನಿಗೆ ನಿದ್ದೆ ತಡವಾಗಿ ಬರುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಪಾಳಿ ಮುಗಿಸಿ ಮನೆಗೆ ಹೋಗಿ ಮರೆಯಬಹುದಿತ್ತು. ಇಲ್ಲಿ ಮನೆಗೆ ಹೋದರೆ ಅವಳೇ ಚಹಾ ಕೊಡುತ್ತಿದ್ದಳು.

ಫೆಬ್ರವರಿ ಮೊದಲ ವಾರ ದಾಕ್ಷಾಯಣಿ ತನ್ನ ಘಟಕಕ್ಕೆ ಕೀಲಿನೀರು ನಿಲ್ಲಿಸಿದಳು, ನೀರನ್ನೂ ನಿಲ್ಲಿಸಿದಳು.

“ಓವರ್‌ಹಾಲ್,” ಎಂದಳು.

ಕಲ್ಲಿದ್ದಲಿನ ಜನರಿಗೆ ಆ ಮಾತು ಹೊಸದಲ್ಲ. ವರ್ಷಕ್ಕೊಮ್ಮೆ ಬಾಯ್ಲರನ್ನು ಪೂರ್ತಿ ಆರಿಸಿ, ಕೊಳವೆಗಳನ್ನು ಖಾಲಿ ಮಾಡಿ, ಬಾಯಿಗಳನ್ನೆಲ್ಲ ತೆರೆದಿಟ್ಟು ರಿಪೇರಿ ಮಾಡುತ್ತಾರೆ. ದಾಕ್ಷಾಯಣಿ ಹಾಗೇ ಮಾಡಿದಳು. ಹನಿ ಕೊಳವೆಗಳು ಖಾಲಿಯಾದವು, ನಳಿಕೆಗಳ ಬಾಯಿ ತೆರೆದಿತ್ತು. ಮೂರು ವಾರದಲ್ಲಿ ಏಳುನೂರು ಎಕರೆ ಎಲೆ ಉದುರಿತು. ಎರಡನೇ ಘಟಕದ ಮುಳ್ಳು ಸೊನ್ನೆಗೆ ಬಂದು, ಮಣ್ಣಿನ ಉಸಿರಿನಿಂದ ಒಂಚೂರು ಕೆಳಗೆ ಜಾರಿ ನಿಂತಿತು.

ಮೌನೇಶ ಕ್ಯಾಲೆಂಡರನ್ನು ತಾನೇ ತೆಗೆದ.

ಅವನಿಗೂ ಓವರ್‌ಹಾಲ್ ಗೊತ್ತಿತ್ತು. ಬೇಸಿಗೆಯಲ್ಲಿ ಎಲೆ ಉದುರಿಸಿದ ಮರ ಬೇರನ್ನು ಆಳಕ್ಕೆ ಕಳಿಸುತ್ತದೆ, ದಿನವೂ ನೀರು ಕುಡಿಯುವ ಮರ ಬೇರನ್ನು ಮೇಲೇ ಇಟ್ಟುಕೊಳ್ಳುತ್ತದೆ ಎಂದು ತರಬೇತಿಯಲ್ಲಿ ಹೇಳಿದ್ದರು. ಆದರೆ ಹೆಂಡತಿಯ ಮುಳ್ಳು ಸೊನ್ನೆಯಲ್ಲಿರುವಾಗ ತನ್ನದನ್ನು ಇಳಿಸುವುದು ಅವನಿಂದ ಆಗಲಿಲ್ಲ. ಒಂದನೇ ಘಟಕ ಈ ವರ್ಷ ನಿಲ್ಲುವುದಿಲ್ಲ ಎಂದು ಪಾಳಿಯವರಿಗೆ ಹೇಳಿದ. ಹಳಬರು ಹುರುಪಿನಿಂದ ತಲೆಯಾಡಿಸಿದರು. ನಿಲ್ಲದೆ ಓಡಿಸುವುದು ಅವರ ಕಾಲದಿಂದಲೂ ದೊಡ್ಡ ಮಾತು. ಮಾರ್ಚ್‌ನಲ್ಲಿ ಒಂದನೇ ಘಟಕ ಹಸಿರಾಗಿ, ಎರಡನೆಯದು ಬೋಳಾಗಿ ನಿಂತಿದ್ದವು. ನಡುವಿನ ರಸ್ತೆಯಲ್ಲಿ ನಿಂತರೆ ಎರಡು ಬೇರೆ ದೇಶ ನೋಡಿದಂತಿತ್ತು.

ಆ ತಿಂಗಳು ನಿರ್ದೇಶಕಿ ಹೇಳದೆ ಕೇಳದೆ ಬಂದರು. ನೇರ ಬೋಳು ಕಾಡಿಗೆ ಹೋಗಿ ಒಂದು ಕಮರದ ಬುಡದಲ್ಲಿ ಗುಂಡಿ ತೋಡಿಸಿದರು. ಮೌನೇಶ ಹಿಂದೆ ನಿಂತಿದ್ದ. ಬೂದಿಯ ಪದರ ಮುಗಿದು ಅಡಿಯ ಹಳೆಯ ನೆಲದ ಕಪ್ಪು ಎರೆ ಕಾಣಿಸಿದ ಕಡೆ ಹೆಬ್ಬೆರಳು ದಪ್ಪದ ಬೇರೊಂದು ಅದರೊಳಗೆ ನೆಟ್ಟಗೆ ಇಳಿದಿತ್ತು.

“ಬೂದಿ ದಾಟಿದೆ,” ಎಂದರು ನಿರ್ದೇಶಕಿ. ಅವರು ಮೊಣಕಾಲೂರಿ ಕೂತಿದ್ದರು. “ದಾಕ್ಷಾಯಣಿಯವರೇ, ಇದನ್ನು ನಾನು ಎಲ್ಲೂ ನೋಡಿಲ್ಲ.”

ಒಂದನೇ ಘಟಕದ ಮುಳ್ಳು ಆ ಹೊತ್ತು ಎಂಟೂಮುಕ್ಕಾಲು ತೋರಿಸುತ್ತಿತ್ತು. ಮೌನೇಶ ಅದನ್ನು ಹೇಳಿದ. ನಿರ್ದೇಶಕಿ, “ಹೌದಾ, ಒಳ್ಳೆಯದು,” ಎಂದು ಮತ್ತೆ ಗುಂಡಿಯೊಳಗೆ ಬಗ್ಗಿದರು.

ಎಂಟೂವರೆಯಲ್ಲಿ ಅವಳು ಗೆದ್ದದ್ದನ್ನು ಅವನು ಹೇಗೋ ಸಹಿಸಿದ್ದ. ಸೊನ್ನೆಯಲ್ಲೂ ಅವಳೇ ಗೆಲ್ಲುವುದಾದರೆ ಆಟ ಯಾವುದು ಎಂಬುದೇ ಅವನಿಗೆ ತಿಳಿಯಲಿಲ್ಲ.

ಏಪ್ರಿಲ್ಲಿನಲ್ಲಿ ಹೊಳೆ ತಗ್ಗಿತು. ಎರಡೂ ಘಟಕಗಳ ನೀರಿನ ಪಾಲನ್ನು ಅರ್ಧ ಮಾಡಲಾಯಿತು. ಎರಡನೇ ಘಟಕದ ಟ್ಯಾಂಕಿನಲ್ಲಿ ಅವಳು ಬಳಸದ ನೀರು ತುಂಬಿ ನಿಂತಿತ್ತು. ಪಾಳಿ ಬದಲಾಗುವ ಹೊತ್ತು, ಹತ್ತು ಮಂದಿ ಇರುವಾಗ ಅವಳು ಹೇಳಿದಳು:

“ನನ್ನ ಗಿಡ ಮಲಗ್ಯಾವ. ಮಳಿ ಬರೋತನಕ ಆ ನೀರು ನಿಮ್ಮ ಘಟಕಕ್ಕ ತಗೋರಿ.”

“ಬ್ಯಾಡ.”

“ಯಾಕ? ನಿಮಗ ಕಮ್ಮಿ ಬೀಳ್ತದ.”

“ನನ್ನ ಘಟಕ ನನ್ನ ಪಾಲಿನ ನೀರಿನ್ಯಾಗ ನಡೀತದ.”

“ರೀ, ನೀರಿಗೆ ಹೆಸರು ಬರದದೇನ್ರಿ?”

ಹತ್ತು ಮಂದಿಯೂ ನಕ್ಕರು. ಮೌನೇಶ ನಗಲಿಲ್ಲ.

ನಾಲ್ಕನೆಯ ದಿನ ಅವನ ಮುಳ್ಳು ಏಳಕ್ಕೆ ಇಳಿಯಿತು. ಎಲೆಯ ಬಾಯಿ ತೆರೆದೇ ಇತ್ತು, ಒಳಗೆ ನೀರಿರಲಿಲ್ಲ. ಅಂದು ಮಧ್ಯಾಹ್ನ ಎರಡರ ಹೊತ್ತಿಗೆ, ಪಂಪು ಮನೆಯವನು ಊಟಕ್ಕೆ ಹೋದಾಗ, ಮೌನೇಶ ಒಳಗೆ ಹೋದ. ಎರಡು ಘಟಕಗಳ ದೊಡ್ಡ ಕೊಳವೆಗಳ ನಡುವೆ ಕಲ್ಲಿದ್ದಲಿನ ಕಾಲದ ಒಂದು ಅಡ್ಡ ಕೊಳವೆಯಿತ್ತು. ಒಂದರ ಪಂಪು ಕೆಟ್ಟರೆ ಇನ್ನೊಂದರಿಂದ ನೀರು ತರಲು ಹಾಕಿದ್ದು. ಅದರ ವಾಲ್ವಿನ ಚಕ್ರವನ್ನು ಅವನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿದ. ತುಕ್ಕು ಹಿಡಿದಿದ್ದ ಚಕ್ರ ಕಿರುಚಿತು. ಹೆಂಡತಿಯ ಟ್ಯಾಂಕಿನ ನೀರು ಅವನ ಪಂಪಿಗೆ ಬಂತು. ಸಂಜೆಗೆ ಮುಳ್ಳು ಎಂಟು ದಾಟಿತು.

“ನೋಡಿದ್ಯಾ, ನಮ್ಮ ಪಾಲಿನ್ಯಾಗ ನಡೀತದ ಅಂದಿದ್ನಿಲ್ಲ?” ಎಂದ ಮೆಹಬೂಬನಿಗೆ.

ಅವನು ಯೋಚಿಸದೆ ಬಿಟ್ಟದ್ದು ಒಂದಿತ್ತು. ಎರಡನೇ ಘಟಕ ಒಂದನೆಯದಕ್ಕಿಂತ ತಗ್ಗಿನಲ್ಲಿದೆ. ಅವನ ಪಂಪು ನಿಂತಾಗಲೆಲ್ಲ ಮೇಲಿನ ಕೊಳವೆಗಳಲ್ಲಿದ್ದ ಕೀಲಿನೀರು ತೆರೆದ ವಾಲ್ವಿನ ಮೂಲಕ ಹಿಂದಕ್ಕೆ ಜಾರಿ, ಅವಳ ಖಾಲಿ ಕೊಳವೆಗಳಿಗೆ ಹೋಗಿ, ಬಾಯಿ ತೆರೆದಿಟ್ಟ ನಳಿಕೆಗಳಿಂದ ಅವಳ ಗಿಡಗಳ ಬುಡಕ್ಕೆ ಹನಿಯಿತು. ಕರೆಂಟು ದಿನಕ್ಕೆರಡು ಸಲ ಹೋಗುತ್ತಿತ್ತು.

ಏಪ್ರಿಲ್ ಕೊನೆಯಲ್ಲಿ ಎರಡನೇ ಘಟಕ ಚಿಗುರಿತು.

ದಾಕ್ಷಾಯಣಿ ಒಂದು ಬಾಗೆಯ ಟೊಂಗೆ ಮನೆಗೆ ತಂದಳು. ತಿಳಿಹಸಿರು, ಇನ್ನೂ ಬಿಚ್ಚದ ಎಲೆಗಳು. ಊಟದ ಹೊತ್ತಿನಲ್ಲಿ ಅದನ್ನು ಇಬ್ಬರ ನಡುವೆ ಇಟ್ಟು ಕೂತಳು.

“ಮಳಿ ಇಲ್ಲ, ನೀರು ಕೊಟ್ಟಿಲ್ಲ. ಯಾಕ ಎದ್ದಾವು?”

ಕೀಲಿನೀರಿಗೆ ಇನ್ನೊಂದು ಗುಣವಿತ್ತು, ಅದು ಮಲಗಿದ ಮೊಗ್ಗನ್ನೂ ಎಬ್ಬಿಸುತ್ತದೆ. ಟೊಂಗೆ ನೋಡಿದ ಕೂಡಲೇ ಮೌನೇಶನಿಗೆ ಅರ್ಥವಾಯಿತು. ವಾಲ್ವು, ತಗ್ಗು, ನಳಿಕೆ, ಎಲ್ಲ ಒಂದರ ಹಿಂದೆ ಒಂದು ಕಣ್ಣ ಮುಂದೆ ಬಂದವು. ಹೇಳಬೇಕಾದ ಹೊತ್ತು ಅದೇ ಆಗಿತ್ತು.

“ನಾ ಎಲ್ಲಿ ತಪ್ಪಿದೆ ಹೇಳ್ರಿ,” ಎಂದಳು ಅವಳು. “ನಿಮಗ ನನಕಿಂತ ಹೆಚ್ಚಿನ ಅನುಭವ ಅದ. ಮಲಗಿಸಿದ್ದು ಲಗೂ ಆತೇನು?”

ಮದುವೆಯಾದ ಇಷ್ಟು ವರ್ಷಗಳಲ್ಲಿ ಅವಳು ಅವನನ್ನು ಹಾಗೆ ಕೇಳಿರಲಿಲ್ಲ.

“ಆಗಿರಬಹುದು,” ಎಂದ. “ಗಿಡದ ಮೈಯಾಗ ಇನ್ನಾ ಕಸುವಿತ್ತು. ನೀ ಅವಸರ ಮಾಡಿದಿ.”

ಅವಳು ತಲೆಯಾಡಿಸಿದಳು. ಅವನು ಇನ್ನೊಂದು ರೊಟ್ಟಿ ಹಾಕಿಸಿಕೊಂಡ. ಎಷ್ಟೋ ತಿಂಗಳ ಮೇಲೆ ಊಟ ರುಚಿಸಿತು.

ಮುಂದಿನ ಹತ್ತು ದಿನ ಅವನು ಕಂಟ್ರೋಲ್ ರೂಮಿನಲ್ಲಿ ಎಲ್ಲರೊಂದಿಗೆ ಚೆನ್ನಾಗಿ ಮಾತಾಡಿದ. ದಾಕ್ಷಾಯಣಿಯ ಮೇಲೆ ಅವನಿಗೆ ಪ್ರೀತಿಯೂ ಬಂತು. ಅವಳ ಭುಜ ಹಿಡಿದು, “ಹೋಗಲಿ ಬಿಡು, ಎಲ್ಲರಿಗೂ ಆಗ್ತದ,” ಎಂದ. ವಾಲ್ವನ್ನು ಮಾತ್ರ ಮುಚ್ಚಲಿಲ್ಲ. ಮುಚ್ಚಿದರೆ ತನ್ನ ಮುಳ್ಳು ಇಳಿಯುತ್ತಿತ್ತು.

ಆದರೆ ದಾಕ್ಷಾಯಣಿ ಮೂವತ್ತು ವರ್ಷ ನೀರು ಪರೀಕ್ಷೆ ಮಾಡಿದವಳು. ಒಂದು ನಳಿಕೆಯ ಕೆಳಗೆ ಬೂದಿ ಒದ್ದೆಯಾಗಿದ್ದುದನ್ನು ಕಂಡು ಅಲ್ಲಿ ಬಕೆಟ್ ಇಟ್ಟಳು. ಬಕೆಟಿನಲ್ಲಿ ಸಿಕ್ಕ ನೀರನ್ನು ಹಳೆಯ ಪ್ರಯೋಗಾಲಯಕ್ಕೆ ಒಯ್ದಳು. ಅಲ್ಲಿಂದ ಟ್ಯಾಂಕಿಗೆ ಹೋದಳು. ಟ್ಯಾಂಕು ಅರ್ಧವಾಗಿತ್ತು. ಅಲ್ಲಿಂದ ಪಂಪು ಮನೆಗೆ ಬಂದಳು. ಚಕ್ರದ ತುಕ್ಕಿನ ಮೇಲೆ ಹಿಡಿದು ತಿರುವಿದ ಗುರುತು ಹೊಳೆಯುತ್ತಿತ್ತು. ಪಂಪು ಮನೆಯವನು, “ಸಾಹೇಬರೇ ತಿರುವ್ಯಾರ್ರಿ, ನಿಮಗ ಗೊತ್ತದ ಅಂದುಕೊಂಡೆ,” ಎಂದ.

ಅವಳು ಕಂಟ್ರೋಲ್ ರೂಮಿನಲ್ಲಿ ಏನೂ ಹೇಳಲಿಲ್ಲ. ಸಂಜೆ ಅವನು ಮನೆಗೆ ಬಂದಾಗ ಅಡಿಗೆಮನೆಯ ಕಟ್ಟೆಯ ಮೇಲೆ ಬಕೆಟ್ ಇತ್ತು.

“ಕೊಡ್ತೀನಿ ಅಂದಿದ್ನಲ್ರಿ. ಹತ್ತು ಮಂದಿ ಎದುರಿಗೆ ಅಂದಿದ್ದೆ. ಮತ್ತ ಕದ್ದಿದ್ದು ಯಾಕ?”

ಮೌನೇಶ ಚಪ್ಪಲಿ ಬಿಡುತ್ತಿದ್ದವನು ಒಂದು ಕಾಲಿನಲ್ಲೇ ನಿಂತ.

“ಮೊಗ್ಗಿ ಒಡದಾಗ ನಿಮಗ ತಿಳದಿತ್ತು. ಹೌದಲ್ಲ? ನಾ ತಪ್ಪಿದ್ನೇನು ಅಂತ ಕೇಳಿದಾಗ ತಿಳದಿತ್ತು.”

“ತಿಳದಿತ್ತು.”

ಅವಳು ಬಕೆಟ್ ಎತ್ತಿ ಹಿತ್ತಲಿನ ಬಚ್ಚಲಿಗೆ ಸುರಿದು ಬಂದಳು. ಕೈ ಒರೆಸಿಕೊಂಡಳು. “ನಾಳೆಯಿಂದ ನಾಲ್ಕು ದಿನ ಬಿಸಿಗಾಳಿ ಅಂತ ಸೂಚನಾ ಬಂದದ. ನಲವತ್ತೆಂಟು ಡಿಗ್ರಿ. ಈಗ ಜಗಳಕ್ಕ ನನಗ ಟೈಮಿಲ್ಲ.”

ಲೆಕ್ಕ ಸರಳವಾಗಿತ್ತು. ದಿನವೂ ಬಿಡುವು ಪಡೆದ ಬಲಿತ ಎಲೆಯಿಂದ ಕೀಲಿನೀರು ತಾಸಿನಲ್ಲಿ ಇಳಿಯುತ್ತದೆ. ಎಳೆ ಎಲೆಗೋ ಬಿಡುವಿಲ್ಲದೆ ಕುಡಿದ ಎಲೆಗೋ ಒಮ್ಮೆ ಏರಿದರೆ ಹದಿನೈದು ದಿನ ಇಳಿಯುವುದಿಲ್ಲ. ಆ ಎಲೆಗಳು ಬಿಸಿಗಾಳಿಯಲ್ಲಿ ಬಾಯಿ ತೆರೆದೇ ನಿಲ್ಲುತ್ತವೆ. ಏಳುನೂರು ಎಕರೆಯ ಹೊಸ ಎಲೆ ಕಾಂಡದಲ್ಲಿರುವ ನೀರನ್ನೆಲ್ಲ ಎಳೆದು ಹೊರಗೆ ಹಾಕುತ್ತದೆ. ಮರ ನಿಂತಲ್ಲೇ ಒಣಗುತ್ತದೆ.

ಬೆಳಿಗ್ಗೆ ಆರಕ್ಕೆ ದಾಕ್ಷಾಯಣಿ ಕಂಟ್ರೋಲ್ ರೂಮಿಗೆ ಬಂದಳು. “ಎರಡನೇ ಘಟಕ ಟ್ರಿಪ್ ಮಾಡ್ತೀನಿ.”

ಬಾಯ್ಲರಿನಲ್ಲಿ ನೀರು ತೀರಾ ತಗ್ಗಿದರೆ ಆಪರೇಟರ್ ಯಾರನ್ನೂ ಕೇಳದೆ ಕೆಂಪು ಗುಂಡಿ ಒತ್ತಿ ಬೆಂಕಿ ಆರಿಸುತ್ತಿದ್ದ. ಅದಕ್ಕೆ ಟ್ರಿಪ್ ಎನ್ನುತ್ತಿದ್ದರು.

“ಗಿಡಕ್ಕ ಗುಂಡಿ ಎಲ್ಲದ ಅಕ್ಕಾ?” ಎಂದ ಮೆಹಬೂಬ.

“ಕೊಡಲಿ ಅದಲ್ಲ.”

ಎಲೆ ಇರುವ ಟೊಂಗೆಗಳನ್ನೆಲ್ಲ ಕತ್ತರಿಸಿ ಬೋಳು ಮಾಡುವುದು ಅವಳ ಯೋಚನೆಯಾಗಿತ್ತು. ಎಲೆ ಇಲ್ಲದಿದ್ದರೆ ನೀರು ಹೊರಗೆ ಹೋಗಲು ದಾರಿಯಿಲ್ಲ. ಬೇರು ಆಳದಲ್ಲಿದೆ, ಕಾಂಡ ಬದುಕಿದರೆ ಮಳೆಗೆ ಮತ್ತೆ ಚಿಗುರುತ್ತದೆ. ಸ್ಥಾವರದ ನಾಲ್ಕು ಸವರುವ ಯಂತ್ರಗಳು ಹೋದವು. ಇಳಿಜಾರಿಗೆ ಯಂತ್ರ ಹೋಗದ ಕಡೆ ಕಾಲೊನಿಯ ಜನ ಕೊಡಲಿ, ಮಚ್ಚು, ದೋಟಿಗಳೊಂದಿಗೆ ಹೋದರು. ತಲೆಗೆ ಒದ್ದೆ ಟವೆಲು ಸುತ್ತಿಕೊಂಡು ಹೆಂಗಸರು ಗಂಡಸರು ಸಾಲು ಹಿಡಿದರು. ಒಂದನೇ ಘಟಕದ ಪಾಳಿಯವರೂ ಹೋದರು. ಮೆಹಬೂಬ ಬಾಗಿಲ ಬಳಿ ನಿಂತು, “ಅಣ್ಣ, ನಮ್ಮದೂ ಟ್ರಿಪ್ ಮಾಡಿಬಿಡೋಣ. ನಮ್ಮ ಬೇರು ಇನ್ನಾ ಮ್ಯಾಲದಾವ,” ಎಂದ.

“ನಮ್ಮದು ಓಡ್ತದ. ನೀ ಹೋಗು.”

ಹೋಗುವ ಮೊದಲು ದಾಕ್ಷಾಯಣಿ ಗಂಡನ ಕಡೆ ನೋಡದೆ ಹೇಳಿದಳು: “ಅಡ್ಡ ವಾಲ್ವ್ ತೆರದೇ ಬಿಟ್ಟೀನಿ. ನನ್ನ ನಳಿಕಿ ಎಲ್ಲಾ ಮುಚ್ಚೀನಿ, ಇನ್ನ ಹಿಂದಕ್ಕ ಹರಿಯಲ್ಲ. ಟ್ಯಾಂಕಿನ್ಯಾಗ ಉಳಿದಿದ್ದು ನಿಮಗಾ.”

ಅವಳು ಹೋದ ಮೇಲೆ ಮೌನೇಶ ಪಂಪು ಮನೆಗೆ ಹೋಗಿ ವಾಲ್ವನ್ನು ಮುಚ್ಚಿ ಬಂದ.

ಹನ್ನೊಂದು ಗಂಟೆಗೆ ಕಂಟ್ರೋಲ್ ರೂಮಿನಲ್ಲಿ ಅವನೊಬ್ಬನೇ ಇದ್ದ. ಎರಡನೇ ಘಟಕದ ಮುಳ್ಳು ಸೊನ್ನೆಯ ಕಡೆಗೆ ಇಳಿಯುತ್ತಿತ್ತು. ಒಂದನೆಯದು ಒಂಬತ್ತಕ್ಕೆ ಏರಿತು. ಅಷ್ಟು ಎತ್ತರದ ಲೋಡನ್ನು ಕೊರ್ತಿಹಾಳ ಯಾವತ್ತೂ ಕಂಡಿರಲಿಲ್ಲ. ತೋರಿಸಲು ಅಲ್ಲಿ ಯಾರೂ ಇರಲಿಲ್ಲ. ಅವನು ಫೋನಿನಲ್ಲಿ ಫೋಟೊ ತೆಗೆದ.

ಎರಡನೆಯ ದಿನ ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ ಒಂದನೇ ಘಟಕದ ಮುಳ್ಳು ಅದುರಿತು. ಎಂಟು, ಆರು, ಮೂರು. ಪಂಪು ಓಡುತ್ತಿತ್ತು, ಒತ್ತಡ ಸರಿಯಿತ್ತು, ಕೀಲಿನೀರಿನ ಪ್ರಮಾಣ ಸರಿಯಿತ್ತು. ಲೋಡು ಬಿದ್ದಾಗ ಬಾಯ್ಲರಿನವನು ಮಾಡುವುದನ್ನೇ ಅವನು ಮಾಡಿದ, ಪ್ರಮಾಣ ಹೆಚ್ಚಿಸಿದ. ಎರಡೂವರೆಗೆ ಮುಳ್ಳು ಸೊನ್ನೆಗೆ ಬಂತು. ಅಲ್ಲಿ ನಿಲ್ಲದೆ ಕೆಳಗೆ ಹೋಯಿತು. ರಾತ್ರಿ ಹೊತ್ತು ಕಾಡು ಇಂಗಾಲ ಬಿಡುವುದು ಸಹಜ. ಸುಡುವ ಹಗಲಿನಲ್ಲಿ ಎಲೆ ತುಂಬಿದ ಕಾಡಿನ ಮುಳ್ಳು ಸೊನ್ನೆಯ ಕೆಳಗೆ ಇಳಿದಿದ್ದನ್ನು ಅಲ್ಲಿ ಯಾರೂ ನೋಡಿರಲಿಲ್ಲ. ಅವನು ಕಿಟಕಿಗೆ ಹೋದ. ಬೆಳಿಗ್ಗೆ ಹಸಿರಿದ್ದ ಕಾಡು ಹೊಗೆಸೊಪ್ಪಿನ ಬಣ್ಣಕ್ಕೆ ತಿರುಗುತ್ತಿತ್ತು.

ಅವನು ನಡೆದುಕೊಂಡೇ ರಸ್ತೆ ದಾಟಿದ. ಗಾಳಿ ಮುಖಕ್ಕೆ ಒಲೆಯಂತೆ ಬಡಿಯುತ್ತಿತ್ತು. ದಾಕ್ಷಾಯಣಿ ಇಳಿಜಾರಿನಲ್ಲಿ ದೋಟಿ ಹಿಡಿದು ನಿಂತಿದ್ದಳು, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು, ಮುಖಕ್ಕೆಲ್ಲ ಬೂದಿ. ಕತ್ತರಿಸಿದ ಸಾಲುಗಳು ದೂರದವರೆಗೆ ಒಂದೇ ಎತ್ತರದಲ್ಲಿದ್ದವು. ನೀರು ನಿಲ್ಲದಂತೆ ಪ್ರತಿ ಗಾಯವನ್ನೂ ಓರೆಯಾಗಿ ಕತ್ತರಿಸಲಾಗಿತ್ತು. ಬಿದ್ದ ಟೊಂಗೆಗಳನ್ನು ಬುಡಕ್ಕೆ ನೆರಳಾಗುವಂತೆ ಹಾಸಿದ್ದರು. ಎಷ್ಟು ಚೊಕ್ಕವಾಗಿ ಮಾಡಿದ್ದಾಳೆ ಎನ್ನಿಸಿತು ಅವನಿಗೆ, ಆ ಹೊತ್ತಿನಲ್ಲೂ ಅದು ಒಳಗೆ ಚುಚ್ಚಿತು.

“ಯಂತ್ರ ಬೇಕಾಗಿತ್ತು,” ಎಂದ.

ಅವಳು ಅವನ ಹಿಂದಿನ ಕಾಡು ನೋಡಿದಳು. “ವಾಲ್ವ್?”

“ಮುಚ್ಚಿದ್ದೆ.”

ಅವಳು ಬಾಯಿಗೆ ಎರಡೂ ಕೈ ಹಚ್ಚಿ ಕೆಳಗಿನವರಿಗೆ ಕೂಗಿದಳು: “ಮೆಹಬೂಬಾ, ಎರಡು ಯಂತ್ರ ಒಂದನೇ ಘಟಕಕ್ಕ ಹೊಂಡಸು! ದೋಟಿ ಇದ್ದೋರು ನನ್ನ ಹಿಂದ ಬರ್ರಿ!” ಅವನಿಗಿಂತ ಮುಂದೆ ಅವಳೇ ನಡೆದಳು. ಆ ದಿನ ಮತ್ತು ಮರುದಿನ ಅವರು ಒಂದನೇ ಘಟಕದಲ್ಲಿ ಕಾಲು ಭಾಗದಷ್ಟು ಗಿಡಗಳನ್ನು ಬೋಳಿಸಿದರು. ಉಳಿದವುಗಳ ತೊಗಟೆ ಅಷ್ಟರಲ್ಲಿ ಬಿರಿದಿತ್ತು.

ಜೂನ್ ಎರಡನೆಯ ವಾರ ಮಳೆ ಬಂತು. ಎರಡನೇ ಘಟಕದಲ್ಲಿ ಹತ್ತರಲ್ಲಿ ಎಂಟು ಗಿಡ ಚಿಗುರಿದವು. ಒಂದನೇ ಘಟಕದಲ್ಲಿ ಹತ್ತರಲ್ಲಿ ಒಂದು.

ವಿಚಾರಣೆಗೆ ನಿರ್ದೇಶಕಿ ಬಂದರು. ಅಡ್ಡ ವಾಲ್ವನ್ನು ತೆರೆದವರು ಯಾರು ಎಂದು ಕೇಳಿದಾಗ ದಾಕ್ಷಾಯಣಿ ಕಿಟಕಿಯ ಕಡೆ ನೋಡುತ್ತಿದ್ದಳು. ಮೌನೇಶ ಎದ್ದು ನಿಂತು ತಾನೇ ಎಂದ.

“ಯಾಕೆ? ಅವರು ನೀರು ಕೊಡುತ್ತೇನೆ ಎಂದಿದ್ದರಂತಲ್ಲ.”

“ಹೌದ್ರಿ. ಆಕಿ ಕೊಡ್ತೀನಿ ಅಂದ್ಲು. ಅದಕ್ಕ ತಗೊಳ್ಳಾಕ ಆಗಲಿಲ್ಲ.”

ನಿರ್ದೇಶಕಿ ಅದನ್ನು ಇನ್ನೊಮ್ಮೆ ಹೇಳಿ ಎಂದರು. ಅವನು ಅದೇ ಮಾತನ್ನು ಇನ್ನೊಮ್ಮೆ ಹೇಳಿದ. ದಾಕ್ಷಾಯಣಿ ಆಗ ಅವನ ಕಡೆ ತಿರುಗಿದಳು. ವರದಿಯಲ್ಲಿ, ವಾಲ್ವ್ ತೆರೆದದ್ದಕ್ಕೆ ಕಾರಣ ಸ್ಪಷ್ಟವಾಗಿಲ್ಲ ಎಂದು ಬರೆಯಲಾಯಿತು.

ಆಗಸ್ಟ್ ಮೊದಲ ವಾರ ದಾಕ್ಷಾಯಣಿ ಹೊಳೆಯಾಚೆಯ ಮುಖ್ಯ ನಿಯಂತ್ರಕಿಯಾಗಿ ಹೋದಳು. ಅಲ್ಲಿಯ ಕ್ವಾರ್ಟರ್ಸ್ ಇಬ್ಬರಿಗೆ ಸಾಕಾಗುವಷ್ಟಿತ್ತು. ಮೌನೇಶ ಹೋಗಲಿಲ್ಲ, ಅವಳು ಕರೆಯಲೂ ಇಲ್ಲ.

ಒಂದನೇ ಘಟಕದ ಸತ್ತ ಮರಗಳನ್ನು ಸುಡಲು ಅವಕಾಶವಿರಲಿಲ್ಲ. ಸುಟ್ಟರೆ ಏಳು ವರ್ಷ ಹೀರಿದ ಇಂಗಾಲ ಕೆಲವೇ ದಿನಗಳಲ್ಲಿ ಗಾಳಿಗೆ ಹೋಗುತ್ತಿತ್ತು. ನಿಂತಲ್ಲೇ ಬಿಟ್ಟರೆ ಗೆದ್ದಲು ತಿಂದು ನಿಧಾನಕ್ಕೆ ಹೋಗುತ್ತಿತ್ತು. ಆದ್ದರಿಂದ ಬೂದಿಯಲ್ಲಿ ಆಳವಾದ ಕಂದಕ ತೋಡಿ, ಮರಗಳನ್ನು ಒತ್ತಾಗಿ ಪೇರಿಸಿ, ಗಾಳಿಯಾಡದಂತೆ ಮೇಲೆ ಎರೆಮಣ್ಣು ಮೆತ್ತಿ ಮುಚ್ಚಲು ತೀರ್ಮಾನವಾಯಿತು. ಹೂಳುವ ತಂಡದ ಮೇಲ್ವಿಚಾರಣೆಯನ್ನು ಮೌನೇಶನಿಗೆ ಕೊಟ್ಟರು. ಆ ಕೆಲಸ ಮಾರ್ಚ್‌ವರೆಗೆ ನಡೆಯಿತು.